ಹೆದ್ದಾರಿಯೇ ಕಣವಾದಾಗ

ಸಾರ್ವಜನಿಕ ದಾರಿಯ ಬಳಕೆಯಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ಪ್ರಶ್ನೆ ಮೇಲುನೋಟಕ್ಕೆ ಪೊಲೀಸರಿಗೂ ಲೋಕೋಪಯೋಗಿ ಇಲಾಖೆಗೂ ಸೇರಿದ್ದೆಂದು ತೋರುತ್ತದೆ. ಧರ್ಮಚಿಂತನೆಗೆ ಅದರಲ್ಲಿ ಎಡೆಯಿಲ್ಲವೆಂದು ಭಾವಿಸುವವರೇ ಹೆಚ್ಚು. ಆದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಎಂಬ ಮೂರು ಪೇಟೆಗಳ ಸುತ್ತಣ ಹಾದಿಗಳಲ್ಲಿ ಕಾರ್ತಿಕ ಮಾಸದ ಒಂದು ಮಧ್ಯಾಹ್ನ ಸಂಚರಿಸಿದವರಿಗೆ, ಅಹಿಂಸೆ ಮತ್ತು ಪರಿಗ್ರಹ ಎಂಬ ಎರಡು ಹಳೆಯ ಶಬ್ದಗಳ ಅರ್ಥವನ್ನು ಡಾಂಬರಿನ ಮೇಲೆಯೇ ಓದಬಹುದೆಂಬುದು ಮನವರಿಕೆಯಾಗುತ್ತದೆ.

ಆ ದಿನಗಳಲ್ಲಿ ರಸ್ತೆಯ ಒಂದು ಮಗ್ಗುಲು ಕಪ್ಪಾಗಿಯೂ ಇನ್ನೊಂದು ಮಗ್ಗುಲು ಹಳದಿಯಾಗಿಯೂ ಕಾಣುತ್ತದೆ. ಹಳದಿಯಾಗಿ ಕಾಣುವುದು ಗೋವಿನಜೋಳ. ಫರ್ಲಾಂಗುಗಟ್ಟಲೆ ತೆಳ್ಳಗೆ ಹರವಿದ ಕಾಳು. ಅದರ ಮೇಲೆ ವಾಹನಗಳು ಹಾಯದಂತೆ ಅಂಚಿಗೆ ಸಾಲಾಗಿ ಇಟ್ಟ ಕಲ್ಲುಗಳು, ಮುಳ್ಳುಕಂಟಿ. ಕಾಳನ್ನು ಕಾಲಿನಿಂದ ಹೊರಳಿಸುತ್ತ ಬಿಸಿಲಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುವ ಹೆಣ್ಣುಮಗಳು. ಉಳಿದ ಅರ್ಧ ರಸ್ತೆಯಲ್ಲಿ ಬಸ್ಸು, ಲಾರಿ, ಟ್ರ್ಯಾಕ್ಟರು, ದ್ವಿಚಕ್ರ ವಾಹನಗಳೆಲ್ಲ ಎದುರುಬದುರಾಗಿ ನುಸುಳಬೇಕು. ಒಬ್ಬ ಸವಾರ ಆ ಕಾಳಿನ ಮೇಲೆ ಜಾರಿ ಬಿದ್ದರೆ, ಅಥವಾ ಕತ್ತಲಲ್ಲಿ ಆ ಕಲ್ಲಿಗೆ ಬಡಿದು ಪ್ರಾಣ ಕಳೆದುಕೊಂಡರೆ, ಆ ಹಿಂಸೆ ಯಾರದು? ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ ಇದು.

ದಾರಿಯ ಸ್ವರೂಪ

ಪುಣೆ–ಬೆಂಗಳೂರು ರಸ್ತೆಯೇ ಈ ಭಾಗದ ದೊಡ್ಡ ಹೆದ್ದಾರಿ. ಹಳಬರ ಬಾಯಲ್ಲಿ ಅದು ಇಂದಿಗೂ ಪಿ.ಬಿ. ರೋಡು. ಬಹುಕಾಲ 4ನೆಯ ರಾಷ್ಟ್ರೀಯ ಹೆದ್ದಾರಿಯೆನಿಸಿದ್ದ ಅದು, 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆಗಳನ್ನು ಕೊಟ್ಟಾಗ 48ನೆಯದಾಯಿತು. ಮುಂಬಯಿ–ಚೆನ್ನೈ ನಡುವಣ ಸುವರ್ಣ ಚತುಷ್ಪಥದ ಭಾಗವಾಗಿ ಅಗಲಗೊಂಡ ಈ ರಸ್ತೆಯ ಮಗ್ಗುಲಲ್ಲೇ ಹಾವೇರಿಯೂ ರಾಣೇಬೆನ್ನೂರೂ ಇವೆ. ಬ್ಯಾಡಗಿ ಮಾತ್ರ ಕೆಲವು ಕಿಲೋಮೀಟರು ಒಳಗೆ ಉಳಿದಿದೆ. ಹೆದ್ದಾರಿಯ ಮೇಲಿನ ಮೋಟೆಬೆನ್ನೂರಿನಿಂದ ಕವಲೊಡೆದ ದಾರಿ ಅದನ್ನು ಮುಟ್ಟುತ್ತದೆ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಏಕೈಕ ಕನ್ನಡಿಗ ಮೈಲಾರ ಮಹಾದೇವಪ್ಪನವರು ಹುಟ್ಟಿದ್ದು ಈ ಕೂಡುದಾರಿಯ ಊರಿನಲ್ಲೇ. ಗಜೇಂದ್ರಗಡದಿಂದ ಸೊರಬದತ್ತ ಸಾಗುವ ರಾಜ್ಯ ಹೆದ್ದಾರಿ ಬ್ಯಾಡಗಿಯ ಪೇಟೆಯ ನಡುವೆಯೇ ಹಾದುಹೋಗುತ್ತದೆ. ಊರೊಳಗಿನ ಆ ರಸ್ತೆಯನ್ನು ಅಗಲ ಮಾಡುವ ವಿಷಯದಲ್ಲಿ ವರ್ಷಗಟ್ಟಲೆ ಚಳವಳಿಯೂ ವ್ಯಾಜ್ಯವೂ ನಡೆದದ್ದು ಆ ಭಾಗದವರಿಗೆಲ್ಲ ತಿಳಿದದ್ದೇ. ರಸ್ತೆಯ ಅಗಲಕ್ಕಾಗಿ ಅಷ್ಟು ವಾದಿಸಿದ ಸಮಾಜ, ಇರುವ ಅಗಲದಲ್ಲಿ ಏನನ್ನು ಹರವಬೇಕು, ಏನನ್ನು ಹರವಬಾರದು ಎಂಬುದನ್ನು ಅಷ್ಟಾಗಿ ಚರ್ಚಿಸಿಲ್ಲ.

1943ರ ನಾಗಪುರ ಯೋಜನೆ ದೇಶದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಅಂದರೆ ಇಂದಿನ ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿಯ ರಸ್ತೆ ಎಂದು ವಿಂಗಡಿಸಿತು. ಆ ವಿಂಗಡಣೆಯಲ್ಲಿ ರಾಜ್ಯ ಹೆದ್ದಾರಿಯ ಕೆಲಸ ನಡುವಣದು. ಹಳ್ಳಿಯ ದಾರಿಯಿಂದ ಬಂದುದನ್ನು ಪೇಟೆಗೂ, ಪೇಟೆಯಿಂದ ಹೊರಟುದನ್ನು ದೊಡ್ಡ ಹೆದ್ದಾರಿಗೂ ದಾಟಿಸುವುದು ಅದರ ಧರ್ಮ. ನಡುವಣವರ ಪಾಡು ಲೋಕದಲ್ಲಿ ಹೇಗೋ ಅದರ ಪಾಡೂ ಹಾಗೆಯೇ. ಎರಡೂ ಕಡೆಯ ಭಾರ ಅದರ ಮೇಲೆ. ಅದಕ್ಕೆ ಬೇಲಿಯಿಲ್ಲ, ಬಹುಪಾಲು ಕಡೆಗಳಲ್ಲಿ ನಡುವೆ ವಿಭಾಜಕವಿಲ್ಲ, ದೀಪವಿಲ್ಲ. ಹೊಲದ ಬದುವೇ ಅದರ ಅಂಚು. ಎತ್ತಿನ ಬಂಡಿ, ಭಾರದ ಲಾರಿ, ಶಾಲೆಯ ಮಕ್ಕಳು, ಕುರಿಯ ಹಿಂಡು ಎಲ್ಲಕ್ಕೂ ಒಂದೇ ಪಟ್ಟೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಮರಣ ಹೊಂದಿದರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 41,012 ಜನ, ಅಂದರೆ ಶೇಕಡಾ 24ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡದ್ದು ರಾಜ್ಯ ಹೆದ್ದಾರಿಗಳಲ್ಲಿ. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ಈ ಹೆದ್ದಾರಿಗಳ ಪಾಲಾದರೋ ಸುಮಾರು ಶೇಕಡಾ 3. ಸತ್ತವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನಗಳಲ್ಲಿ ಇದ್ದವರು. ಕಾಳಿನ ಮೇಲೆ ಮೊದಲು ಜಾರುವ ಚಕ್ರವೂ ಅದೇ.

ಕಣ ಹೋದ ಬಗೆ

ಹಿಂದೆ ಒಕ್ಕಲುತನದ ಊರುಗಳಲ್ಲಿ ಕಣಕ್ಕೆ ತನ್ನದೇ ಆದ ನೆಲೆಯಿತ್ತು. ನೆಲ ಕೆತ್ತಿ, ನೀರು ಚಿಮುಕಿಸಿ, ಬಡಿದು ಗಟ್ಟಿಮಾಡಿ, ಸಗಣಿಯಿಂದ ಸಾರಿಸಿದ ದುಂಡನೆಯ ಅಂಗಳ; ನಡುವೆ ಮೇಟಿ; ಮೇಟಿಯ ಸುತ್ತ ಎತ್ತುಗಳ ಹಂತಿ; ಇರುಳೆಲ್ಲ ಹಂತಿಯ ಪದ. ಕಣದೊಳಗೆ ಪಾದರಕ್ಷೆ ಮೆಟ್ಟಿ ಹೋಗುತ್ತಿರಲಿಲ್ಲ. ರಾಶಿಯನ್ನು ಪೂಜಿಸಿ, ಆಯಗಾರರಿಗೆ ಪಾಲು ಅಳೆದು, ಬೇಡಿ ಬಂದವರಿಗೆ ಮೊರದಲ್ಲಿ ಕೊಟ್ಟ ಮೇಲೆಯೇ ಕಾಳು ಮನೆಯ ಹಗೇವನ್ನು ಸೇರುತ್ತಿತ್ತು. ಹಕ್ಕಿಗಳಿಗೂ ಅಲ್ಲಿ ಪಾಲಿತ್ತು. ಉತ್ಪಾದನೆಯೂ ದಾನವೂ ಒಂದೇ ನೆಲದ ಮೇಲೆ ನಡೆಯುತ್ತಿದ್ದವು.

ಆ ಕಣ ಇಲ್ಲವಾದದ್ದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ಮಕ್ಕಳ ನಡುವೆ ಹೊಲ ಹಂಚಿಹೋದಂತೆ ಕಣಕ್ಕೆಂದು ಬಿಟ್ಟ ತುಂಡಿನಲ್ಲೂ ಬಿತ್ತನೆಯಾಯಿತು. ಊರಂಚಿನ ಕಣಗಳಲ್ಲಿ ಮನೆಗಳೆದ್ದವು. ಎತ್ತುಗಳು ಕಡಿಮೆಯಾದವು, ಯಂತ್ರಗಳು ಬಂದವು. ಎಲ್ಲಕ್ಕಿಂತ ದೊಡ್ಡ ಬದಲಾವಣೆಯೆಂದರೆ ಬೆಳೆಯದು. ಹಿಂಗಾರಿ ಜೋಳದ ಸುಗ್ಗಿ ಬರುತ್ತಿದ್ದುದು ಒಣ ಬಿಸಿಲಿನ ದಿನಗಳಲ್ಲಿ. ತೆನೆ ಹೊಲದಲ್ಲೇ ಅರೆವಾಸಿ ಒಣಗಿರುತ್ತಿತ್ತು. ಮುಂಗಾರಿನಲ್ಲಿ ಬಿತ್ತಿದ ಗೋವಿನಜೋಳ ಕಟಾವಿಗೆ ಬರುವುದು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ. ಆಗ ಆಕಾಶದಲ್ಲಿ ಮೋಡ, ನೆಲದಲ್ಲಿ ಹಸಿ, ಕಾಳಿನಲ್ಲಿ ನೂರಕ್ಕೆ 20, 25 ಪಾಲು ನೀರು. ಹಂತಿ ನಾಲ್ಕು ದಿನ ತುಳಿದು ಬಿಡಿಸುತ್ತಿದ್ದಷ್ಟು ಕಾಳನ್ನು ಯಂತ್ರ ಒಂದು ಹೊತ್ತಿನಲ್ಲಿ ಬಿಡಿಸಿ ಹಾಕುತ್ತದೆ. ಹೀಗೆ ಒಂದೇ ಸಲ, ಒಂದೇ ವಾರದಲ್ಲಿ, ಇಡೀ ಊರಿನ ಹಸಿ ಕಾಳು ಹರವಲು ನೆಲವಿಲ್ಲದೆ ನಿಲ್ಲುತ್ತದೆ.

ಅದೇ ವೇಳೆಗೆ ಊರ ಮುಂದೆ ರಾಜ್ಯ ಹೆದ್ದಾರಿ ಅಗಲವಾಗಿ, ನಯವಾಗಿ ಬಂದು ನಿಂತಿತು. ಅದಕ್ಕೆ ಮಣ್ಣಿಲ್ಲ, ಕಲ್ಲಿಲ್ಲ. ಡಾಂಬರು ಹಗಲಿನ ಕಾವನ್ನು ಹಿಡಿದಿಟ್ಟು ಸಂಜೆಯವರೆಗೂ ಕೊಡುತ್ತದೆ. ಚೀಲ ತುಂಬಿದರೆ ಟ್ರ್ಯಾಕ್ಟರು ಅಲ್ಲಿಗೇ ಬರುತ್ತದೆ. ಸುತ್ತಣ ಹತ್ತು ಹಳ್ಳಿಗಳಲ್ಲಿ ಅದಕ್ಕಿಂತ ಒಳ್ಳೆಯ ಕಣವಿಲ್ಲ. ಕಾಳನ್ನು ಪೇಟೆಗೆ ಸಾಗಿಸಲೆಂದು ಕಟ್ಟಿದ ದಾರಿ, ಹೀಗೆ ಕಾಳು ಮಲಗುವ ಹಾಸಿಗೆಯಾಯಿತು. ಕೆಲವರು ಹುರುಳಿಯ ಬಳ್ಳಿಯನ್ನೂ ಹರವಿ, ಹಾಯುವ ವಾಹನಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಆ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹೊತ್ತಿದ ಪ್ರಸಂಗಗಳು ರಾಜ್ಯದ ಹಲವೆಡೆ ವರದಿಯಾಗಿವೆ.

ಇಲ್ಲಿ ಒಂದು ಹೋಲಿಕೆ ಗಮನಾರ್ಹ. ಕಡುಗೆಂಪು ಬಣ್ಣಕ್ಕೂ ಮಿತವಾದ ಖಾರಕ್ಕೂ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೆಲೆ ಬರುವ ತನಕ ಅದನ್ನು ಕಾಯ್ದಿಡಲು ಪೇಟೆಯ ಸುತ್ತ ಶೀತಲಗೃಹಗಳು ಎದ್ದಿವೆ. ಗೋವಿನಜೋಳಕ್ಕೆ ಅಂಥ ಯಾವ ಆಶ್ರಯವೂ ಇಲ್ಲ. ಬೆಲೆಯುಳ್ಳ ಸರಕಿಗೆ ಸೂರು, ಬೆಲೆಯಿಲ್ಲದ ಸರಕಿಗೆ ಬೀದಿ. ವಸ್ತುವಿನ ಬೆಲೆಯನ್ನು ನೋಡಿ ಆಸರೆ ಕೊಡುವ ಪೇಟೆ, ಆ ವಸ್ತುವಿನ ಹಿಂದಿರುವ ಜೀವದ ಬೆಲೆಯನ್ನು ಎಲ್ಲಿ ಬರೆದುಕೊಳ್ಳುತ್ತದೆ?

ಒಂದು ದೃಷ್ಟಾಂತ

ವಿಚಾರದ ಸ್ಪಷ್ಟತೆಗಾಗಿ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ನಾಲ್ಕು ಎಕರೆಯ ಒಕ್ಕಲಿಗನೊಬ್ಬ ಐವತ್ತು ಚೀಲ ಗೋವಿನಜೋಳವನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪೇಟೆಗೆ ಬರುತ್ತಾನೆ. ಅಂಗಡಿಯ ಸಾಹುಕಾರ ಒಂದು ಹಿಡಿ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ, ಮಾಪಕಕ್ಕೂ ಹಾಕಿ ನೋಡುತ್ತಾನೆ.

“ಹಸಿ ಐತಲ್ಲೋ ತಮ್ಮಾ. ಎರಡು ದಿನ ಬಿಸಿಲಿಗೆ ಹಾಕಿ ತಗೊಂಡು ಬಾ. ಆಮ್ಯಾಲೆ ರೇಟಿನ ಮಾತು.”

“ಆಗ್ಲಿರೀ ಸಾವ್ಕಾರ್ರ.”

ಮಾತು ಅಲ್ಲಿಗೆ ಮುಗಿಯುತ್ತದೆ. ಆ ಮಾತಿನಲ್ಲಿ ಕ್ರೌರ್ಯವಿಲ್ಲ, ಸುಳ್ಳಿಲ್ಲ, ಮೋಸವಿಲ್ಲ. ಒಕ್ಕಲಿಗ ಮರಳಿ ಹೋಗಿ ಊರ ಮುಂದಿನ ಹೆದ್ದಾರಿಯ ಮೇಲೆ ಕಾಳು ಹರವುತ್ತಾನೆ. ಗಾಲಿಗಳು ಹಾಯ್ದು ಕಾಳು ಒಡೆಯಬಾರದೆಂದು ಅಂಚಿಗೆ ಕಲ್ಲು ಇಡುತ್ತಾನೆ. ಮೊದಲ ದಿನ ಮೋಡ, ಕಾಳು ಒಣಗುವುದಿಲ್ಲ. ಸಂಜೆ ಅದನ್ನು ರಸ್ತೆಯ ಬದಿಗೇ ಗುಡ್ಡೆಮಾಡಿ, ಕರಿಯ ತಾಡಪತ್ರಿ ಹೊದಿಸಿ, ಗಾಳಿಗೆ ಹಾರದಂತೆ ಅದರ ಮೇಲೂ ಕಲ್ಲು ಹೇರಿ, ದಣಿದು ಮನೆಗೆ ಹೋಗುತ್ತಾನೆ. ರಾತ್ರಿ ಎಂಟು ಗಂಟೆಗೆ ತಂದೆಯೊಬ್ಬ ಪೇಟೆಯ ಆಸ್ಪತ್ರೆಯಿಂದ ಮಗಳನ್ನು ಹಿಂದೆ ಕೂಡಿಸಿಕೊಂಡು ಬರುತ್ತಾನೆ. ಎದುರಿನ ಲಾರಿಯ ದೀಪ ಕಣ್ಣಿಗೆ ರಾಚುತ್ತದೆ. ಬದಿಗೆ ಸರಿದರೆ ಅಲ್ಲಿ ಕರಿಯ ರಸ್ತೆಯ ಮೇಲೆ ಕರಿಯ ತಾಡಪತ್ರಿ, ಕರಿಯ ಕಲ್ಲು.

ದಾರಿಯಲ್ಲಿ ಚಲಿಸುವವನು ಒಂದು ನಂಬಿಕೆಯ ಮೇಲೆ ಚಲಿಸುತ್ತಾನೆ: ಮುಂದಿನ ನೆಲ ಬರಿದಾಗಿದೆ ಎಂಬ ನಂಬಿಕೆ. ಕತ್ತಲಲ್ಲಿ ಅಲುಗಾಡದೆ ನಿಂತ ಯಾವ ವಸ್ತುವಾದರೂ ಆ ನಂಬಿಕೆಯನ್ನು ಮುರಿಯಬಲ್ಲದು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿಯ ಬಳಿ ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಯಾತ್ರಿಕರ ವಾಹನವೊಂದು ಬಡಿದು 13 ಜನ ಅಸುನೀಗಿದರು. ಅದು ಧಾನ್ಯದ ಪ್ರಸಂಗವಲ್ಲ. ಆದರೂ ಚಲಿಸುವುದಕ್ಕೂ ನಿಂತದ್ದಕ್ಕೂ ನಡುವಣ ಅಂತರ ಎಷ್ಟು ಕ್ಷಣಗಳದು ಎಂಬುದನ್ನು ಆ ನಸುಕು ತೋರಿಸಿತು.

ಪ್ರಮಾದದ ವಿಚಾರ

ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುವ ಪದ್ಧತಿ ಶ್ರಾವಕರಿಗೆ ಪರಿಚಿತ. ಗೃಹಸ್ಥನು ಉಳುಮೆ, ವ್ಯಾಪಾರಗಳನ್ನು ಬಿಟ್ಟು ಬಾಳಲಾರನಾದ್ದರಿಂದ, ಉದ್ಯೋಗದಲ್ಲಿ ಅನಿವಾರ್ಯವಾಗಿ ಒದಗುವ ಹಿಂಸೆಗೆ ಅವನಿಗೆ ಒಂದಿಷ್ಟು ಅವಕಾಶವಿದೆ. ಈ ಅವಕಾಶವನ್ನು ನೆಪವಾಗಿ ಹಿಡಿದು, “ಹೊಟ್ಟೆಪಾಡಿಗಾಗಿ ಮಾಡಿದ್ದು, ಇದರಲ್ಲಿ ದೋಷವೇನು” ಎನ್ನುವವರಿದ್ದಾರೆ. ಆದರೆ ಆ ಅವಕಾಶ ಯತ್ನಾಚಾರಕ್ಕೆ, ಅಂದರೆ ಎಚ್ಚರದ ನಡೆಗೆ ಬದ್ಧವಾದದ್ದು. ಎಚ್ಚರ ತಪ್ಪಿದಲ್ಲಿ, ಪ್ರಮಾದ ಸೇರಿದಲ್ಲಿ, ಅದೇ ಕೆಲಸ ಹಿಂಸೆಯಾಗುತ್ತದೆ.

ಈ ದೃಷ್ಟಿಯಿಂದ ಒಂದೇ ರಸ್ತೆಯ ಮೇಲೆ ಕಾಳು ಹರವಿದ ಇಬ್ಬರನ್ನು ನೋಡಬೇಕು. ಒಬ್ಬನು ಸೂರ್ಯ ಮುಳುಗುವ ಮೊದಲೇ ಕಾಳನ್ನು ಚೀಲಕ್ಕೆ ತುಂಬಿ, ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹೊಲಕ್ಕೆ ಎಸೆದು, ಉಳಿದ ಕಾಳನ್ನು ಕಸಬರಿಗೆಯಿಂದ ಗುಡಿಸಿ ಹೋಗುತ್ತಾನೆ. ಇನ್ನೊಬ್ಬನು ನಾಳೆಯೂ ಬೇಕಲ್ಲವೆಂದು ಕಲ್ಲುಗಳನ್ನು ಅಲ್ಲಿಯೇ ಬಿಟ್ಟು ಹೋಗುತ್ತಾನೆ. ಬಡತನ ಇಬ್ಬರದೂ ಒಂದೇ, ಬೆಳೆಯೂ ಒಂದೇ. ಆದರೆ ಎರಡನೆಯವನು ತನ್ನ ಕಾಳಿಗೆ ಕಾವಲಿಟ್ಟನು. ಪರರ ಪ್ರಾಣಕ್ಕೆ ಇಡಲಿಲ್ಲ. ಕಾಳು ಹರವಿದ್ದು ಅಗತ್ಯದಿಂದ. ಕಲ್ಲು ಬಿಟ್ಟುಹೋದದ್ದು ಮಮಕಾರದಿಂದ. ಮಮಕಾರವೇ ಪರಿಗ್ರಹವಾದ್ದರಿಂದ, ಪರಿಗ್ರಹವು ಹಿಂಸೆಯಾಗಿ ತಿರುಗುವ ಸ್ಥಳ ಆ ಕಲ್ಲಿನಲ್ಲಿ ಕಣ್ಣಿಗೇ ಕಾಣುತ್ತದೆ.

“ಇಷ್ಟು ವರ್ಷ ಹರವಿದ್ದೇವೆ, ಯಾರೂ ಬಿದ್ದಿಲ್ಲ” ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಎಚ್ಚರದಿಂದ ನಡೆದವನ ಕಾಲಡಿ ಜೀವವೊಂದು ಅಳಿದರೂ ಅವನಿಗೆ ಆ ಬಂಧವಿಲ್ಲ. ಎಚ್ಚರಗೇಡಿಗೆ, ಜೀವ ಅಳಿಯದಿದ್ದರೂ, ಹಿಂಸೆ ತಪ್ಪಿದ್ದಲ್ಲ ಎಂಬುದು ಜಿನಧರ್ಮದ ಸೂಕ್ಷ್ಮ ನಿಲುವು. ಲೋಕದ ನ್ಯಾಯ ಬಿದ್ದವರನ್ನು ಎಣಿಸುತ್ತದೆ. ಧರ್ಮ ಬಿಟ್ಟ ಕಲ್ಲನ್ನು ಎಣಿಸುತ್ತದೆ. ಬಿದ್ದವರ ಲೆಕ್ಕದಲ್ಲಿ ಮನುಷ್ಯರಷ್ಟೇ ಬರುತ್ತಾರೆ. ಕಾಳು ಹೆಕ್ಕಲು ಬಂದು ಗಾಲಿಗೆ ಸಿಕ್ಕ ಅಳಿಲು, ಪಾರಿವಾಳಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಕೃತ, ಕಾರಿತ, ಅನುಮತ

ಇಷ್ಟರಲ್ಲಿ ವಿಚಾರ ಮುಗಿಯಿತೆಂದು ಭಾವಿಸಿ ಒಕ್ಕಲಿಗನನ್ನು ದೂಷಿಸಿದರೆ ಅದು ಅನ್ಯಾಯವಾದೀತು. ಒಂದು ಕರ್ಮವನ್ನು ತಾನೇ ಮಾಡುವುದು ಕೃತ, ಇನ್ನೊಬ್ಬರಿಂದ ಮಾಡಿಸುವುದು ಕಾರಿತ, ಮಾಡಿದ್ದನ್ನು ಒಪ್ಪಿಕೊಳ್ಳುವುದು ಅನುಮತ, ಮೂರಕ್ಕೂ ಹೊಣೆಯಿದೆ. ಮೇಲಿನ ದೃಷ್ಟಾಂತದಲ್ಲಿ ಕಾಳು ಹರವಿದವನು ಒಕ್ಕಲಿಗ. “ಎರಡು ದಿನ ಬಿಸಿಲಿಗೆ ಹಾಕು” ಎಂದವನು ಯಾರು? ಆ ಮಾತನ್ನು ಹೇಳಿದವನಿಗೆ, ಬಿಸಿಲು ಎಲ್ಲಿ ಬೀಳುತ್ತದೆ ಎಂಬುದು ತಿಳಿಯದ ಸಂಗತಿಯೇ? ಅವನೂ ಅದೇ ರಸ್ತೆಯಲ್ಲಿ ದಿನನಿತ್ಯ ಓಡಾಡುವವನು. ಹರವಿದ ಕಾಳನ್ನು ಕಂಡು, “ಇನ್ನೆರಡು ದಿನಕ್ಕೆ ಆವಕ ಹೆಚ್ಚೀತು” ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವವನು. ಅವನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ ಶಬ್ದದ್ದು: “ಎಲ್ಲಿ?” ಆ ಒಂದು ಶಬ್ದವನ್ನು ಕೇಳದೆ ಉಳಿದುದರಲ್ಲಿ ಅವನ ಪ್ರಮಾದವಿದೆ.

ಇನ್ನು ಅನುಮತದ ಪಾಲು. ಕಾಳಿನ ಮಗ್ಗುಲಲ್ಲಿ ಕಾರನ್ನು ಸರಿಸಿಕೊಂಡು, ಬೈದೋ ಬೈಯದೆಯೋ ಮುಂದೆ ಸಾಗುವ ಪ್ರತಿಯೊಬ್ಬನೂ ಅದರಲ್ಲಿ ಭಾಗಿ. ಬೈದವನು ತಾನು ಒಪ್ಪಲಿಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಕಾಳು ಅಗ್ಗವಾಗಿರಲೆಂದು ಬಯಸುತ್ತ, ಅದು ಒಣಗುವ ಜಾಗಕ್ಕೆ ಮಾತ್ರ ಬೈಯುವುದು ಅರ್ಧ ಪ್ರಾಮಾಣಿಕತೆ.

ಭಾರದ ವಿಷಯದಲ್ಲಿ ಶಾಸ್ತ್ರಕಾರರು ತೋರಿದ ಸೂಕ್ಷ್ಮತೆ ಇಲ್ಲಿ ಸ್ಮರಣೀಯ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದೆಂದು ಉಮಾಸ್ವಾತಿಗಳ ತತ್ತ್ವಾರ್ಥಸೂತ್ರ ಎಣಿಸುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಭಾರದ ದೋಷ ಅಹಿಂಸೆಯ ಪ್ರಕರಣದಲ್ಲಿ ಬಂದುದಲ್ಲದೆ, ಪರಿಗ್ರಹ ಪರಿಮಾಣದ ಪ್ರಕರಣದಲ್ಲಿ ಅತಿಲೋಭದ ಜೊತೆಯಲ್ಲಿ ಮತ್ತೊಮ್ಮೆ ಬರುತ್ತದೆ. ಒಂದೇ ತಪ್ಪನ್ನು ಎರಡು ವ್ರತಗಳಲ್ಲಿ ಎಣಿಸಿದ್ದು ಪುನರುಕ್ತಿಯಲ್ಲ. ಹೊರುವ ಜೀವದ ಕಡೆಯಿಂದ ನೋಡಿದರೆ ಅದು ಹಿಂಸೆ. ಹೇರುವವನ ಮನಸ್ಸಿನ ಕಡೆಯಿಂದ ನೋಡಿದರೆ ಅದು ಲೋಭ. ಅಂದು ಭಾರ ಹೊತ್ತದ್ದು ಎತ್ತು. ಇಂದು ಸಾಲ, ಹವಾಮಾನ, ಒಣಗಿಸುವ ಶ್ರಮ, ಅಪಘಾತದ ಅಪವಾದ ಎಲ್ಲವನ್ನೂ ಒಬ್ಬ ಒಕ್ಕಲಿಗನ ಮೇಲೆ ಹೇರಿ, ಒಣಗಿದ ಕಾಳನ್ನು ಮಾತ್ರ ತನ್ನ ತಕ್ಕಡಿಗೆ ತೆಗೆದುಕೊಳ್ಳುವುದೂ ಅತಿಭಾರವೇ.

ವ್ಯಾಪಾರಿಯ ಸಮಾಧಾನ ಮತ್ತು ಅದರ ಲೆಕ್ಕ

ವ್ಯಾಪಾರಿಯ ಪಕ್ಷದಲ್ಲೂ ನ್ಯಾಯವಾದ ಮಾತುಗಳಿವೆ, ಅವನ್ನು ಕೇಳಬೇಕು. ಕಾಳಿನ ತೇವಾಂಶದ ಮಿತಿಯನ್ನು ನಿಶ್ಚಯಿಸುವವನು ಅವನಲ್ಲ, ದೂರದ ಕಾರ್ಖಾನೆ. ಸರಕಾರದ ಬೆಂಬಲ ಬೆಲೆಯ ಖರೀದಿಯಲ್ಲೂ ಶೇಕಡಾ 14ಕ್ಕಿಂತ ಹೆಚ್ಚು ತೇವಾಂಶಕ್ಕೆ ಎಡೆಯಿಲ್ಲ. ಹಸಿ ಕಾಳಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ತಿಂದ ಮನುಷ್ಯನಿಗೂ ಪಶುಪಕ್ಷಿಗಳಿಗೂ ಮಾರಕ. ಆದ್ದರಿಂದ ಕಾಳು ಒಣಗಲೇಬೇಕೆಂಬ ಹಟ ಸ್ವತಃ ಒಂದು ಜೀವರಕ್ಷಣೆ. ಇದೆಲ್ಲ ನಿಜ. ಕೋಳಿಯ ಆಹಾರವಾಗಿ ಹೋಗುವ ಧಾನ್ಯದ ವ್ಯಾಪಾರ ಶ್ರಾವಕನಿಗೆ ಸಲ್ಲುವುದೇ ಎಂಬುದು ಬೇರೆಯೇ ಒಂದು ಪ್ರಶ್ನೆ. ಇಲ್ಲಿ ಅದನ್ನು ಬದಿಗಿಡೋಣ. ಒಣ ಕಾಳನ್ನು ಕೇಳುವುದು ದೋಷವಲ್ಲ. ಒಣಗಿಸುವ ಬಗೆಯನ್ನು ಕೇಳದಿರುವುದು ದೋಷ. ಫಲವನ್ನು ಬಯಸುವವನು ಸಾಧನದ ಶುದ್ಧಿಯನ್ನೂ ವಿಚಾರಿಸಬೇಕಾಗುತ್ತದೆ.

ಲೆಕ್ಕಪತ್ರ ಬಲ್ಲವರು ಇಲ್ಲಿ ಸಣ್ಣದೊಂದು ಗಣಿತವನ್ನು ಮಾಡಿ ನೋಡಬೇಕು. ಶೇಕಡಾ 22 ತೇವಾಂಶವಿರುವ 100 ಕಿಲೋ ಕಾಳಿನಲ್ಲಿ ನೀರು 22 ಕಿಲೋ, ಒಣ ವಸ್ತು 78 ಕಿಲೋ. ಅದನ್ನು ಶೇಕಡಾ 14ಕ್ಕೆ ಇಳಿಸಿದರೆ ಒಣ ವಸ್ತು ಅಷ್ಟೇ ಉಳಿದು, ಒಟ್ಟು ತೂಕ 90 ಕಿಲೋ 700 ಗ್ರಾಂ ಆಗುತ್ತದೆ. ಕಳೆದುಹೋದದ್ದು 9 ಕಿಲೋ 300 ಗ್ರಾಂ ನೀರು. 2025–26ರ ಬೆಂಬಲ ಬೆಲೆಯಾದ ಕ್ವಿಂಟಲಿಗೆ 2,400 ರೂಪಾಯಿಯನ್ನು ಅಳತೆಗೋಲಾಗಿ ಹಿಡಿದರೆ, ಆ ಹಸಿ ಕಾಳಿನ ನ್ಯಾಯವಾದ ಮೌಲ್ಯ ಸುಮಾರು 2,177 ರೂಪಾಯಿ. ಅದರಲ್ಲಿ ಒಣಗಿಸುವ ನಿಜವಾದ ಖರ್ಚನ್ನು ಕಳೆಯಬಹುದು. ಯಾರಾದರೂ “ಹಸಿ ಇದೆ” ಎಂಬ ಒಂದೇ ಕಾರಣ ಹೇಳಿ ಅದಕ್ಕೆ 1,800 ರೂಪಾಯಿ ಕಟ್ಟಿದರೆ, ಉಳಿದ 377 ರೂಪಾಯಿಯಲ್ಲಿ ಒಣಗಿಸುವ ಖರ್ಚೆಷ್ಟು, ಅತಿಲೋಭವೆಷ್ಟು ಎಂಬುದನ್ನು ಅವನ ಕಿರ್ದಿ ಪುಸ್ತಕವೇ ಹೇಳಬೇಕು. ಆ ವ್ಯತ್ಯಾಸ ದೊಡ್ಡದಾದಷ್ಟೂ ಒಕ್ಕಲಿಗ ರಸ್ತೆಯ ಕಡೆಗೆ ತಳ್ಳಲ್ಪಡುತ್ತಾನೆ. ನೀರಿನ ತೂಕವನ್ನು ಕಳೆದು, ಖರ್ಚನ್ನು ಕಳೆದು, ಹಸಿ ಕಾಳಿಗೆ ನ್ಯಾಯವಾದ ದರ ಸಿಗುವಂತಾದರೆ, ರಸ್ತೆಯ ಮೇಲೆ ಎರಡು ದಿನ ಕಾಯುವ ಆಸೆ ತಾನಾಗಿಯೇ ಕಡಿಮೆಯಾಗುತ್ತದೆ.

ರೈತನಿಗೂ ಪೇಟೆಗೂ ನಡುವೆ ವಿಶ್ವಾಸ ಮುರಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದರ ಕುಸಿದಾಗ ಉದ್ರಿಕ್ತ ಗುಂಪು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿತು. ಆ ಕೃತ್ಯವನ್ನು ಯಾವ ಧರ್ಮವೂ ಸಮರ್ಥಿಸದು. ಆದರೆ ಮಾತು ನಡೆಯಬೇಕಾದ ಕಡೆಯಲ್ಲಿ ಮಾತು ನಿಂತಿದ್ದರೆ ಕೈ ಮಾತನಾಡತೊಡಗುತ್ತದೆ ಎಂಬ ಪಾಠ ಪೇಟೆಯ ಎರಡೂ ಪಕ್ಷಗಳಿಗೆ ಸಂಬಂಧಿಸಿದ್ದು.

ಕಾಯ್ದೆ ಕಾಣುವಷ್ಟು, ಕಾಣದಷ್ಟು

ಸಾರ್ವಜನಿಕ ದಾರಿಯಲ್ಲಿ ಅಡ್ಡಿಯೊಡ್ಡಿ ಅಪಾಯ ತಂದವನಿಗೆ 1860ರ ಭಾರತೀಯ ದಂಡ ಸಂಹಿತೆಯ 283ನೆಯ ಕಲಮು 200 ರೂಪಾಯಿಯವರೆಗೆ ದಂಡ ವಿಧಿಸುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಲ್ಲಿ ಆ ದಂಡ 5,000 ರೂಪಾಯಿಯವರೆಗೆ ಏರಿದೆ. ದಂಡ ಇಪ್ಪತ್ತೈದು ಪಟ್ಟು ಹೆಚ್ಚಿದರೂ ಕಾಯ್ದೆಯ ನೋಟ ಇರುವುದು ಕೃತದ ಮೇಲೆಯೇ. ಕಾರಿತವನ್ನೂ ಅನುಮತವನ್ನೂ ಅದು ಕಾಣಲಾರದು. ಸಾಹುಕಾರನ ಎರಡು ಮಾತಿಗೆ ಸಾಕ್ಷಿಯಾಗಲಿ, ಪಂಚನಾಮೆಯಾಗಲಿ ಇರುವುದಿಲ್ಲ. ಕಾಯ್ದೆಯ ನೋಟ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಮುಂದೆ ನೋಡಬೇಕಾದದ್ದು ಆಯಾ ಮನುಷ್ಯನ ಅಂತಃಸಾಕ್ಷಿ. ಅಣುವ್ರತಗಳು ಹುಟ್ಟಿದ್ದೇ ಪೊಲೀಸರಿಲ್ಲದ ಸ್ಥಳಗಳಿಗಾಗಿ.

ಮಾಡಬೇಕಾದದ್ದು

ಬರಿಯ ಪಶ್ಚಾತ್ತಾಪದಿಂದ ಕಾಳು ಒಣಗದು. ಉದ್ಯೋಗ ಖಾತರಿ ಯೋಜನೆಯಡಿ ಹಲವು ಗ್ರಾಮ ಪಂಚಾಯಿತಿಗಳು ಕಾಂಕ್ರೀಟಿನ ಒಕ್ಕಣೆ ಕಣಗಳನ್ನು ಕಟ್ಟಿಸಿದವು. ಆದರೆ ಊರಿನ ಕಾಳು ಒಂದೇ ವಾರದಲ್ಲಿ ಬಂದು ಬೀಳುವಾಗ ಅವು ಸಾಲವು. ಉಳಿದ ಕೊರತೆಯನ್ನು ತುಂಬಲು ಸರಕಾರದ ದಾರಿಯನ್ನೇ ಕಾಯುವ ಅಭ್ಯಾಸ ವ್ಯಾಪಾರಿ ಸಮಾಜಕ್ಕೆ ಹಿಂದೆ ಇರಲಿಲ್ಲ. ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆಯ ಐನೂರ್ವರ ಸಂಘ ಕನ್ನಡ ನಾಡಿನ ಪೇಟೆಗಳಲ್ಲೆಲ್ಲ ವ್ಯಾಪಿಸಿತ್ತು. ಹಾವೇರಿಗೆ ದೂರವಲ್ಲದ ಬಳ್ಳಿಗಾವೆಯಲ್ಲೂ ಅವರನ್ನು ಸ್ತುತಿಸುವ ಶಾಸನವಿದೆ. ಅಂದಿನ ವರ್ತಕರು ತಾವು ಸಾಗಿಸುವ ಹೇರಿಗೆ ಇಷ್ಟೆಂದು ತಾವೇ ವಂತಿಗೆ ಕಟ್ಟಿಕೊಂಡು ಬಸದಿಗೂ ದೇಗುಲಕ್ಕೂ ದತ್ತಿ ಬಿಟ್ಟ ಸಂಗತಿಗಳು ಶಾಸನಗಳಲ್ಲಿ ದೊರೆಯುತ್ತವೆ. ದಾರಿಯಿಂದ ಗಳಿಸಿದವನು ದಾರಿಯ ಋಣವನ್ನು ಹೇರಿನ ಲೆಕ್ಕದಲ್ಲೇ ತೀರಿಸಬೇಕೆಂಬ ವಿವೇಕ ಅದರಲ್ಲಿದೆ.

ಅದೇ ವಿವೇಕವನ್ನು ಇಂದಿಗೆ ಅನ್ವಯಿಸಬಹುದು. ವರ್ತಕರ ಸಂಘಗಳು ತಾವು ಕೊಳ್ಳುವ ಪ್ರತಿ ಚೀಲಕ್ಕೆ ಒಂದು ಅಲ್ಪ ಮೊತ್ತವನ್ನು, ರೈತನ ಪಟ್ಟಿಯಲ್ಲಿ ಕಡಿಯದೆ, ತಮ್ಮ ಲಾಭದಿಂದಲೇ ತೆಗೆದಿಟ್ಟರೆ, ರಾಜ್ಯ ಹೆದ್ದಾರಿಗಳು ಪೇಟೆಯನ್ನು ಸೇರುವೆಡೆಗಳಲ್ಲಿ ಸಾಮೂಹಿಕ ಕಣಗಳನ್ನು ಹಾಸಬಹುದು. ಮೋಡದ ದಿನಗಳಿಗಾಗಿ ಒಣಗಿಸುವ ಯಂತ್ರವನ್ನೂ ಇಡಬಹುದು. ಅಷ್ಟಾಗುವ ತನಕ, ಕಾಳು ಹಸಿಯೆಂದು ಮರಳಿ ಕಳಿಸುವ ಬದಲು ತನ್ನ ಗೋದಾಮಿನ ಅಂಗಳವನ್ನು ಎರಡು ದಿನ ಬಿಟ್ಟುಕೊಡುವುದು ಯಾವ ಸಾಹುಕಾರನಿಗೂ ಅಸಾಧ್ಯವಲ್ಲ. ಒಕ್ಕಲಿಗನಾದರೋ ಸೂರ್ಯ ಮುಳುಗುವ ಮೊದಲು ಕಲ್ಲುಗಳನ್ನು ಎತ್ತುವ ನೇಮವನ್ನು ಇಟ್ಟುಕೊಳ್ಳಬೇಕು. ಸವಾರನೂ ಸುಗ್ಗಿಯ ತಿಂಗಳುಗಳಲ್ಲಿ ವೇಗವನ್ನು ತಗ್ಗಿಸಬೇಕು. ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ಒಂದು ನೊಗದಷ್ಟು ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಗೃಹಸ್ಥನಿಗೆ ಅಷ್ಟು ಸೂಕ್ಷ್ಮ ಸಾಧ್ಯವಾಗದಿದ್ದರೂ, ತನ್ನ ವಾಹನದ ದೀಪ ತೋರಿಸುವಷ್ಟು ನೆಲವನ್ನಾದರೂ ನೋಡಿ ನಡೆಯುವುದು ಸಾಧ್ಯ.

ಮೋಟೆಬೆನ್ನೂರಿನ ಮಹಾದೇವಪ್ಪನವರು ದಂಡಿಯವರೆಗೆ ನಡೆದದ್ದು ಎಲ್ಲರಿಗೂ ಸೇರಿದ ಉಪ್ಪಿಗಾಗಿ. ಅವರ ಊರ ಮುಂದಿನ ದಾರಿಯೂ ಉಪ್ಪಿನಂತೆಯೇ ಎಲ್ಲರಿಗೂ ಸೇರಿದ್ದು. ಎಲ್ಲರಿಗೂ ಸೇರಿದ್ದನ್ನು ಯಾರೂ ಕಾಯುವುದಿಲ್ಲ ಎಂಬ ಗಾದೆಯಂಥ ಮಾತನ್ನು ಸುಳ್ಳಾಗಿಸಲು ದೊಡ್ಡ ಯಾತ್ರೆಯೇನೂ ಬೇಕಾಗಿಲ್ಲ. ಮುಂದಿನ ಸುಗ್ಗಿಯಲ್ಲಿ ಒಕ್ಕಲಿಗನೊಬ್ಬ ಹಸಿ ಕಾಳು ಹೇರಿಕೊಂಡು ಅಂಗಡಿಗೆ ಬಂದಾಗ, ಗಾದಿಯ ಮೇಲೆ ಕುಳಿತವನು ದರ ಹೇಳುವ ಮೊದಲು, “ಎಲ್ಲಿ ಒಣಗಿಸ್ತೀಯಪ್ಪಾ?” ಎಂದು ಕೇಳಿದರೆ ಸಾಕು; ಮುಂದಿನ ಮಾತು ತಾನಾಗಿಯೇ ಬರುತ್ತದೆ.